ಉಸಿರಾಟದ ಪಾಠಕ್ಕೊಂದು ತಿದ್ದುಪಡಿ

ಪ್ರತಿ ಸಲದಂತೆ ಹಳೆಯ ನೆನಪುಗಳ ಬುತ್ತಿಯನ್ನು ಬಿಚ್ಚುವ ಬದಲು ಈ ಸಲ ಒಂದು ಜಗಳವನ್ನಾಡಲು ಕುಳಿತಿದ್ದೇನೆ. ಜಗಳ ನನ್ನ ಶಿಷ್ಯನೊಬ್ಬನ ಜೊತೆ. ಅರ್ಧ ಪಾಲು ನನ್ನ ಜೊತೆಗೇ.

ಕಳೆದ ತಿಂಗಳು ಒಂದು ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಅವನ ದೂರವಾಣಿ ಕರೆ ಬಂತು. ಹೆಸರನ್ನು ಬರೆಯುವುದಿಲ್ಲ; ಅವನ ಸಹಪಾಠಿಗಳು ಊಹಿಸಿಕೊಂಡರೆ ಊಹಿಸಿಕೊಳ್ಳಲಿ. ಬಹುಕಾಲದ ಆಸೆಯಂತೆ 1993ರ ಮಾದರಿಯ ಮಜ್ದಾ ಆರ್‌ಎಕ್ಸ್-7 ಎಂಬ ಕ್ರೀಡಾ ಕಾರನ್ನು ಕೊಂಡಿದ್ದಾನಂತೆ. ಆರ್‌ಎಕ್ಸ್ ಎಂದೊಡನೆ ನಮ್ಮವರಿಗೆ ಯಮಹಾ ಆರ್‌ಎಕ್ಸ್-100 ಬೈಕು ನೆನಪಾದೀತು, ಇದು ಅದಲ್ಲ. ಪಿಸ್ಟನ್ನೇ ಇಲ್ಲದ, ತಿರುಗುವ ರೋಟರುಗಳ ಎಂಜಿನ್ನುಳ್ಳ ಜಪಾನೀ ಕಾರು. ಅವನು ಉತ್ಸಾಹದಿಂದ ಹೇಳಿದ: "ಸಾರ್, ಹೊಗೆಕೊಳವೆಯಲ್ಲಿದ್ದ ಎರಡೂ ಕ್ಯಾಟಲಿಟಿಕ್ ಕನ್ವರ್ಟರುಗಳನ್ನು ಕಿತ್ತು ನೇರ ಪೈಪು ಹಾಕಿಸಿಬಿಟ್ಟೆ. ಏರ್ ಪಂಪನ್ನೂ ತೆಗೆಸಿದೆ. ಈಗ ಎಂಜಿನ್ ಸರಾಗವಾಗಿ ಉಸಿರಾಡುತ್ತಿದೆ. ಎಂಜಿನ್ ಅಂದರೆ ಉಸಿರಾಡುವ ಯಂತ್ರ ಅಂತ ನೀವೇ ಪಾಠ ಮಾಡಿದ್ದಿರಲ್ಲ ಸಾರ್!"

"ಅಲ್ಲಿ ಹೊಗೆ ತಪಾಸಣೆ ಬಹಳ ಕಟ್ಟುನಿಟ್ಟು ಎನ್ನುತ್ತಾರಲ್ಲಪ್ಪ?" ಎಂದು ಕೇಳಿದೆ. "ಎರಡು ವರ್ಷಕ್ಕೊಂದು ಸಲ ಸಾರ್. ಆವತ್ತು ಹಳೇದನ್ನೆಲ್ಲ ಮತ್ತೆ ಜೋಡಿಸೋದು, ಪಾಸಾದ ಮೇಲೆ ಬಿಚ್ಚೋದು" ಎಂದು ನಕ್ಕ. ನಾನು "ಹುಷಾರಪ್ಪ, ಒಳ್ಳೆಯದಾಗಲಿ" ಎಂದು ಹೇಳಿ ಮಾತು ಮುಗಿಸಿದೆ. ಅಷ್ಟು ದೂರದಿಂದ ಹಳೆಯ ಮೇಷ್ಟರನ್ನು ನೆನೆದು ಮಾತನಾಡಿಸಿದವನಿಗೆ ಬೇಸರವಾಗದಿರಲಿ ಎಂಬ ದಾಕ್ಷಿಣ್ಯ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿ ಬಂದ ಹಾಗೆ ಅನ್ನಿಸುತ್ತಿತ್ತು. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಆ ಎಂಜಿನ್ನಿನ ಗುಣಾವಗುಣಗಳನ್ನು ನೋಡೋಣ. ವಿಷಯ ತಿಳಿಯದೆ ಬೈಯುವುದು ಉಪಾಧ್ಯಾಯನಿಗೆ ಶೋಭಿಸುವುದಿಲ್ಲ.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬಾತ ಎನ್‌ಎಸ್‌ಯು ಕಂಪನಿಯಲ್ಲಿ ಅಭಿವೃದ್ಧಿಪಡಿಸಿದ ಈ ಎಂಜಿನ್ನಿನ ಮೊದಲ ಮಾದರಿ 1957ರಲ್ಲಿ ಓಡಿತು. ಮಧ್ಯದಲ್ಲಿ ತುಸು ಸೊಂಟ ಹಿಡಿದ ಅಂಡಾಕಾರದ ಕೋಣೆಯೊಳಗೆ, ಉಬ್ಬಿದ ಬದಿಗಳುಳ್ಳ ತ್ರಿಕೋನಾಕೃತಿಯ ರೋಟರ್ ತಿರುಗುತ್ತದೆ. ಅದರ ಮೂರು ಬದಿಗಳಲ್ಲಿಯೂ ಒಂದಾದ ಮೇಲೊಂದರಂತೆ ಅಂತರ್ಗ್ರಹಣ, ಸಂಪೀಡನ, ಶಕ್ತಿ, ನಿಷ್ಕಾಸ ಎಂಬ ನಾಲ್ಕು ಹಂತಗಳೂ ನಡೆಯುತ್ತವೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಮುಖ್ಯ ದಂಡ ಮೂರು ಸುತ್ತು ಸುತ್ತಿರುತ್ತದೆ. ಮೇಲೆ ಕೆಳಗೆ ಬಡಿದಾಡುವ ಪಿಸ್ಟನ್ ಇಲ್ಲ, ಕವಾಟಗಳಿಲ್ಲ. ಆದ್ದರಿಂದಲೇ ಎಂಜಿನ್ ಪುಟ್ಟದು, ಹಗುರ, ನುಣುಪು. ಕೇವಲ 1308 ಘನ ಸೆಂಟಿಮೀಟರಿನ ಎಂಜಿನ್ನಿನಿಂದ ಆರ್‌ಎಕ್ಸ್-7 ಹಾರಿದಂತೆ ಓಡುತ್ತದೆ. ಈ ಯಂತ್ರದ ಮೇಲೆ ನನ್ನ ಶಿಷ್ಯನಿಗೆ ಮೋಹ ಹುಟ್ಟಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ರೇಖಾಗಣಿತದ ಪ್ರಮೇಯವೊಂದು ಲೋಹದಲ್ಲಿ ತಿರುಗುತ್ತಿರುವಂತಿದೆ ಅದು.

ಆದರೆ ಅದಕ್ಕೆ ಹುಟ್ಟುಗುಣವೊಂದಿದೆ: ಅದರ ಹೊಗೆ ಕೊಳಕು. ಇಂಧನ ಉರಿಯುವ ಜಾಗ ಉದ್ದವಾಗಿ, ತೆಳ್ಳಗೆ, ಸದಾ ಸರಿಯುತ್ತಿರುತ್ತದೆ. ಒಲೆಯ ಕಾವು ಸಾಲದ ಅಗಲ ಕಾವಲಿಯ ಅಂಚಿನಲ್ಲಿ ದೋಸೆ ಬೇಯದೆ ಉಳಿಯುವಂತೆ, ಆ ಜಾಗದ ಮೂಲೆಗಳಲ್ಲಿ ಮತ್ತು ತಣ್ಣನೆಯ ಗೋಡೆಗಳ ಬಳಿ ಜ್ವಾಲೆ ನಂದಿ ಪೆಟ್ರೋಲು ಅರೆಬರೆ ಉರಿಯುತ್ತದೆ. ಒಂದು ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್ ಇಟ್ಟರೂ ಈ ತೊಂದರೆ ಪೂರ್ತಿ ನೀಗುವುದಿಲ್ಲ. ಆರ್‌ಎಕ್ಸ್-7ರಲ್ಲಿ ಹೊಗೆ ಹೊರಹೋಗುವ ರಂಧ್ರವು ಕೋಣೆಯ ಸುತ್ತುಗೋಡೆಯಲ್ಲಿಯೇ ಇರುವುದರಿಂದ, ರೋಟರಿನ ತುದಿ ಉರಿಯದ ಆ ಶೇಷವನ್ನು ಬಳಿದು ಹೊರಕ್ಕೆ ತಳ್ಳುತ್ತದೆ. ಸಾಲದ್ದಕ್ಕೆ ರೋಟರಿನ ಮೂರು ಮೂಲೆಗಳಲ್ಲಿರುವ ಸೀಲುಗಳು ಸವೆಯದಿರಲೆಂದು ಸ್ವಲ್ಪ ಸ್ವಲ್ಪವೇ ಎಣ್ಣೆಯನ್ನೂ ಒಳಗೆ ಬಿಡಬೇಕು. ಅದೂ ಉರಿದು ಹೊಗೆಯಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಟೂಟಿ ಆಯಿಲ್ ಬೆರೆಸಿ ಹಾಕಿಸಿಕೊಳ್ಳುತ್ತಿದ್ದ ನಮ್ಮ ಕಾಲದ ಗಾಡಿಗಳನ್ನು ನೆನೆಸಿಕೊಳ್ಳಿ. ಒಟ್ಟಿನಲ್ಲಿ ಅಷ್ಟೇ ಶಕ್ತಿಯ ಸಾಧಾರಣ ಪಿಸ್ಟನ್ ಎಂಜಿನ್ನಿಗಿಂತ ರೋಟರಿ ಎಂಜಿನ್ ಹೆಚ್ಚು ಹೈಡ್ರೋಕಾರ್ಬನ್ನನ್ನು ಉಗುಳುತ್ತದೆ. ಅಂದರೆ, ಕನ್ವರ್ಟರನ್ನು ಯಾವ ಕಾರಿನಿಂದಲಾದರೂ ಕೀಳಬಾರದು ಎನ್ನುವುದಾದರೆ, ಆ ಪಟ್ಟಿಯ ಮೊದಲಲ್ಲಿ ಇರಬೇಕಾದದ್ದು ಇದೇ ಕಾರು.

ಕನ್ವರ್ಟರ್ ಏನು ಮಾಡುತ್ತದೆ? ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳಿರುವ ಪಿಂಗಾಣಿಯ ತುಂಡು. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಲೇಪ. ಇವು ನೀವು ಹತ್ತನೆಯ ತರಗತಿಯಲ್ಲಿ ಓದಿದ ಕ್ರಿಯಾವರ್ಧಕಗಳು: ತಾವು ಖರ್ಚಾಗದೆ ಇತರರ ಕೆಲಸವನ್ನು ಬೇಗ ಮಾಡಿಸುವ ಸಜ್ಜನರು. ಕಾರ್ಬನ್ ಮೊನಾಕ್ಸೈಡು ಕಾರ್ಬನ್ ಡಯಾಕ್ಸೈಡಾಗುತ್ತದೆ. ಉರಿಯದ ಹೈಡ್ರೋಕಾರ್ಬನ್ ನೀರಾವಿ ಮತ್ತು ಕಾರ್ಬನ್ ಡಯಾಕ್ಸೈಡಾಗುತ್ತದೆ. ಸಾರಜನಕದ ಆಕ್ಸೈಡುಗಳು ಮರಳಿ ಸಾರಜನಕವಾಗುತ್ತವೆ. ಬಿಸಿಯೇರಿ ಸುಸ್ಥಿತಿಯಲ್ಲಿ ಕೆಲಸ ಮಾಡುವ ಕನ್ವರ್ಟರ್ ಈ ಮೂರು ವಿಷಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಇಲ್ಲವಾಗಿಸುತ್ತದೆ. ನನ್ನ ಶಿಷ್ಯ ತೆಗೆಸಿದ ಏರ್ ಪಂಪು ಈ ಕೆಲಸಕ್ಕೆ ಬೇಕಾದ ಗಾಳಿಯನ್ನು ಒದಗಿಸುವ ಸಾಧನ.

ಈಗ ಅವನ ಪರವಾಗಿ ಹೇಳಬಹುದಾದ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: "ಕೋಟಿಗಟ್ಟಲೆ ಕಾರುಗಳ ನಡುವೆ ನನ್ನದೊಂದರಿಂದ ಏನಾದೀತು?" ಲೆಕ್ಕವನ್ನೇ ಮಾಡೋಣ. 100 ಪಾಲು ವಿಷದಲ್ಲಿ 90 ಪಾಲನ್ನು ಕನ್ವರ್ಟರ್ ನಿವಾರಿಸಿದರೆ ಹೊರಗೆ ಬರುವುದು 10. ಅದನ್ನು ಕಿತ್ತರೆ ಹೊರಗೆ ಬರುವುದು 100. ಅಂದರೆ ಒಂದು ಕಾರು ಹತ್ತು ಕಾರಿಗೆ ಸಮ. ಭಾನುವಾರ ಬೆಳಿಗ್ಗೆ ಶಿಷ್ಯನೊಬ್ಬನೇ ಗುಡ್ಡದ ರಸ್ತೆಯಲ್ಲಿ ಸುತ್ತಾಡಲು ಹೊರಟರೆ, ಹೊಗೆಯ ಲೆಕ್ಕದಲ್ಲಿ ಹತ್ತು ಕಾರುಗಳ ಮೆರವಣಿಗೆ ಹೊರಟಂತೆ. ಇದೂ ಕಡಿಮೆ ಹಿಡಿದ ಲೆಕ್ಕ.

ಅದೂ ಯಾವ ನಾಡಿನಲ್ಲಿ! ಕಾರಿನ ಹೊಗೆಗೂ ಕಣ್ಣುರಿಗೂ ಇರುವ ಸಂಬಂಧವನ್ನು ಜಗತ್ತಿಗೆ ತಿಳಿಸಿಕೊಟ್ಟದ್ದೇ ಕ್ಯಾಲಿಫೋರ್ನಿಯಾ. 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲಿಸ್ ನಗರವನ್ನು ಎಂತಹ ಹೊಗೆಮಂಜು ಕವಿಯಿತೆಂದರೆ, ಯುದ್ಧಕಾಲವಾದ್ದರಿಂದ ಜಪಾನೀಯರು ವಿಷಾನಿಲ ಬಿಟ್ಟಿರಬೇಕೆಂದು ಜನ ಭಯಪಟ್ಟರು. ಅದರ ಮೂಲವನ್ನು ಕಂಡುಹಿಡಿದವನು ಅಲ್ಲಿನ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಹಾಲೆಂಡ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳಕ್ಕೆ ಕಾರಣವೇನೆಂದು ಸಂಶೋಧಿಸುತ್ತಿದ್ದ ಆತ ಅದನ್ನು ಬಿಟ್ಟು ನಗರದ ದುರ್ಗಂಧವನ್ನು ಪರೀಕ್ಷಿಸತೊಡಗಿದ. ವಾಹನಗಳ ಹೈಡ್ರೋಕಾರ್ಬನ್ನೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಝೋನ್ ಉಂಟಾಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್ ನೆಲಮಟ್ಟದಲ್ಲಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಮುಂದೆ ಆ ರಾಜ್ಯ ವಾಯುಸಂಪನ್ಮೂಲ ಮಂಡಳಿಯನ್ನು ರಚಿಸಿದಾಗ ಅದರ ಮೊದಲ ಅಧ್ಯಕ್ಷನಾದವನೂ ಆತನೇ. ಇಂದು ನನ್ನ ಶಿಷ್ಯ ಅಲ್ಲಿ ನಿಚ್ಚಳವಾದ ನೀಲಿ ಬೆಟ್ಟಗಳನ್ನು ನೋಡುತ್ತಿದ್ದರೆ, ಅದು ತಾನು ಕಿತ್ತು ಮೂಲೆಗಿಟ್ಟ ಆ ಡಬ್ಬಿಯಂಥವು ಕೋಟ್ಯಂತರ ಕಾರುಗಳಲ್ಲಿ ಇರುವುದರಿಂದ. ಬೇರೆಯವರೆಲ್ಲ ಕನ್ವರ್ಟರ್ ಇಟ್ಟುಕೊಂಡಿರಲಿ, ನಾನೊಬ್ಬ ಕೀಳುತ್ತೇನೆ ಎನ್ನುವುದು ಊರವರೆಲ್ಲ ಕೆರೆಗೆ ಹಾಲು ಸುರಿಯುವಾಗ ತಾನೊಬ್ಬ ನೀರು ಸುರಿದವನ ಹಳೆಯ ಕಥೆ.

ಎರಡನೆಯ ವಾದ: "ಶಕ್ತಿ ಹೆಚ್ಚುತ್ತದೆ." ಸ್ವಲ್ಪ ಹೆಚ್ಚುವುದು ನಿಜ, ಸುಳ್ಳು ಹೇಳುವುದಿಲ್ಲ. 1993ರ ಆ ಕಾರಿನಲ್ಲಿ ಎಂಜಿನ್ನಿನ ಹತ್ತಿರವೇ ಇರುವ ಮೊದಲ ಕನ್ವರ್ಟರ್ ಹೊಗೆಯ ಹರಿವಿಗೆ ಅಡ್ಡಿಯೂ ಹೌದು, ಬಾನೆಟ್ಟಿನ ಒಳಗೆ ಕಾವನ್ನು ಹೆಚ್ಚಿಸುವುದೂ ಹೌದು. ಆದರೆ ಎರಡನ್ನೂ ಕಿತ್ತರೆ ಏನಾಗುತ್ತದೆಂಬುದು ಆ ಕಾರಿನ ಅಭಿಮಾನಿಗಳಿಗೇ ಚೆನ್ನಾಗಿ ಗೊತ್ತು. ಅದರಲ್ಲಿ ಎರಡು ಟರ್ಬೊಗಳಿವೆ. ಹೊಗೆಯ ರಭಸ ಮಿತಿಮೀರಿದಾಗ ಹೆಚ್ಚಿನದನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ತೂಬಿದೆ. ಅದರ ಅಳತೆ ಮೂಲ ಹೊಗೆಕೊಳವೆಗೆ ತಕ್ಕಷ್ಟೇ. ಅಡ್ಡಿಯನ್ನೆಲ್ಲ ತೆಗೆದಾಗ ತೂಬು ಸಾಲದೆ ಟರ್ಬೊ ಒತ್ತಡ ತಾನೇ ತಾನಾಗಿ ಏರುತ್ತದೆ. ಗಾಳಿ ಹೆಚ್ಚಾಗಿ ಇಂಧನ ಸಾಲದಾದರೆ ಎಂಜಿನ್ನಿನೊಳಗೆ ಅಕಾಲ ಸ್ಫೋಟ. ಆಗ ಮುರಿಯುವುದು ರೋಟರಿನ ಮೂಲೆಯ ಸೀಲು. ಅಲ್ಲಿಗೆ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕು. ಸರಾಗವಾಗಿ ಉಸಿರಾಡಲೆಂದು ಮಾಡಿದ ಉಪಚಾರವೇ ಉಸಿರು ನಿಲ್ಲಿಸುತ್ತದೆ. ಇದನ್ನು ತಪ್ಪಿಸಲು ತೂಬನ್ನು ಹಿಗ್ಗಿಸಬೇಕು, ಗಣಕ ನಿಯಂತ್ರಣವನ್ನು ಬದಲಿಸಬೇಕು, ಇಂಧನದ ಪಂಪು ದೊಡ್ಡದಾಗಬೇಕು. ಒಂದು ಸುಳ್ಳಿಗೆ ಹತ್ತು ಸುಳ್ಳು ಪೋಣಿಸಿದಂತೆ.

ಮೂರನೆಯದು ಸ್ವಲ್ಪ ಗಟ್ಟಿಯಾದ ವಾದ: "ಕನ್ವರ್ಟರ್ ಕಟ್ಟಿಕೊಂಡರೆ ಎಂಜಿನ್ನೇ ಹಾಳಾಗುತ್ತದೆ." 2003ರಲ್ಲಿ ಬಂದ ಆರ್‌ಎಕ್ಸ್-8 ಕಾರಿನಲ್ಲಿ ಇದು ಹಲವರ ಅನುಭವ. ಕಿಡಿ ಹೊತ್ತಿಸುವ ಕಾಯಿಲುಗಳು ದುರ್ಬಲವಾಗಿ, ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಪಿಂಗಾಣಿ ಕರಗಿ, ದಾರಿ ಕಟ್ಟಿಕೊಳ್ಳುತ್ತದೆ. ಹೊಗೆ ಹೊರಹೋಗಲಾರದೆ ಎಂಜಿನ್ ಬೇಯುತ್ತದೆ. ಒಪ್ಪಿದೆ. ಆದರೆ ತಪ್ಪು ಯಾರದು? ಕಾಯಿಲಿನದು. ಕಾಯಿಲನ್ನೂ ಪ್ಲಗ್ಗನ್ನೂ ಕಾಲಕಾಲಕ್ಕೆ ಬದಲಿಸಿ, ಕೆಟ್ಟ ಕನ್ವರ್ಟರಿನ ಜಾಗದಲ್ಲಿ ಹೊಸದನ್ನು ಹಾಕುವುದು ಚಿಕಿತ್ಸೆ. ಮೂಗು ಕಟ್ಟಿತೆಂದು ಮೂಗನ್ನೇ ಕೊಯ್ಯುವುದು ಚಿಕಿತ್ಸೆಯಲ್ಲ.

ನಾಲ್ಕನೆಯದು: "ರೇಸಿನ ಕಾರುಗಳು ಹೀಗೆಯೇ ಇರುತ್ತವೆ." ಮಜ್ದಾದ ನಾಲ್ಕು ರೋಟರುಗಳ 787ಬಿ ಕಾರು 1991ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದದ್ದು ಐತಿಹಾಸಿಕ ಸಂಗತಿ, ಆ ಸ್ಪರ್ಧೆಯನ್ನು ಗೆದ್ದ ಮೊದಲ ಜಪಾನೀ ಕಂಪನಿ ಅದು. ಅದರ ಕಿರಿಚುವ ಧ್ವನಿಯನ್ನು ನಾನೂ ಕೇಳಿ ಬೆರಗಾಗಿದ್ದೇನೆ. ಆದರೆ ಆ ಕಾರು ತರಕಾರಿ ತರಲು ಹೋಗುವುದಿಲ್ಲ, ಶಾಲೆಯ ಮುಂದೆ ಹಾದುಹೋಗುವುದಿಲ್ಲ. ಗರಡಿಮನೆಯಲ್ಲಿ ಲಂಗೋಟಿ ಉಡುವುದು ಸರಿ. ಮದುವೆಮನೆಗೂ ಅದನ್ನೇ ಉಟ್ಟುಕೊಂಡು ಬರುತ್ತೇನೆಂದರೆ?

ಇನ್ನು ಹೊಗೆಕೊಳವೆಯಿಂದ ಬೆಂಕಿ ಚಿಮ್ಮುವುದನ್ನು ಚಿತ್ರ ತೆಗೆದು ಹೆಮ್ಮೆಪಡುವವರು. ಜಾತ್ರೆಯಲ್ಲಿ ಬಾಯಿಗೆ ಸೀಮೆಎಣ್ಣೆ ತುಂಬಿಕೊಂಡು ಬೆಂಕಿಯುಗುಳುವವನು ಹೊಟ್ಟೆಪಾಡಿಗಾಗಿ ಉಗುಳುತ್ತಾನೆ. ಇವರು ಉಗುಳುವುದು ತಮ್ಮ ಎಂಜಿನ್ ಉರಿಸಲಾಗದೆ ಬಿಟ್ಟ ಪೆಟ್ರೋಲನ್ನು. ಅದು ಶಕ್ತಿಯ ಲಕ್ಷಣವಲ್ಲ, ಅಜೀರ್ಣದ ಲಕ್ಷಣ.

ರೋಟರಿ ಎಂಜಿನ್ನನ್ನು ನಿಜವಾಗಿ ಪ್ರೀತಿಸುವವರಿಗೆ ಒಂದು ಮಾತು. ಈ ಎಂಜಿನ್ ಉಳಿದದ್ದೇ ತನ್ನ ಹೊಗೆಯನ್ನು ತಿದ್ದಿಕೊಂಡು. 1961ರಲ್ಲಿ ಜರ್ಮನರಿಂದ ಪರವಾನಗಿ ಪಡೆದ ಹಿರೋಷಿಮಾದ ಮಜ್ದಾ ಕಂಪನಿಯಲ್ಲಿ ಕೆನಿಚಿ ಯಮಾಮೊತೊ ಎಂಬ ಎಂಜಿನಿಯರನ ತಂಡ ವರ್ಷಗಟ್ಟಲೆ ಹೆಣಗಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದಿತು. 1970ರಲ್ಲಿ ಅಮೆರಿಕದಲ್ಲಿ ಶುದ್ಧ ಗಾಳಿ ಕಾಯಿದೆ ಬಂದಾಗ ಅವರು ಅಳುತ್ತ ಕೂರಲಿಲ್ಲ. ಹೊಗೆಯನ್ನು ಎಂಜಿನ್ನಿನ ಹೊರಗೆ ಮತ್ತೊಮ್ಮೆ ಉರಿಸುವ ಥರ್ಮಲ್ ರಿಯಾಕ್ಟರ್ ಎಂಬ ಕಬ್ಬಿಣದ ಕೋಣೆಯನ್ನು ಕಟ್ಟಿದರು. ಅದಕ್ಕೆ ಪೆಟ್ರೋಲು ಹೆಚ್ಚು ಬೇಕಾಯಿತು. 1973ರ ತೈಲ ಬಿಕ್ಕಟ್ಟು ಬಂದಾಗ ಅಮೆರಿಕದಲ್ಲಿ ಮಾರಾಟ ಕುಸಿಯಿತು. ಜನರಲ್ ಮೋಟರ್ಸಿನಂತಹ ದೈತ್ಯ ಕಂಪನಿಯೇ ತನ್ನ ರೋಟರಿ ಯೋಜನೆಯನ್ನು ಕೈಬಿಟ್ಟಿತು. ಮಜ್ದಾದವರು ಬಿಡದೆ ಇಂಧನದ ವ್ಯಯವನ್ನು ತಗ್ಗಿಸಿ, 1978ರಲ್ಲಿ ಮೊದಲ ಆರ್‌ಎಕ್ಸ್-7 ತಂದರು. 1980ರ ದಶಕದ ಆರಂಭದಲ್ಲಿ ಆ ಕಬ್ಬಿಣದ ಕೋಣೆಯನ್ನು ಬಿಟ್ಟು ಕನ್ವರ್ಟರನ್ನು ಅಳವಡಿಸಿದರು. ಆರ್‌ಎಕ್ಸ್-8ರಲ್ಲಿ ಹೊಗೆಯ ರಂಧ್ರವನ್ನೇ ಸುತ್ತುಗೋಡೆಯಿಂದ ಪಕ್ಕದ ಗೋಡೆಗೆ ಸರಿಸಿದರು. ಇಷ್ಟಾದರೂ ಯುರೋಪಿನ ಯೂರೋ-5 ನಿಯಮವನ್ನು ಮುಟ್ಟಲಾಗದೆ 2010ರಲ್ಲಿ ಅಲ್ಲಿನ ಮಾರಾಟ ನಿಂತಿತು. 2012ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. 2023ರಲ್ಲಿ ರೋಟರಿ ಮತ್ತೆ ಬಂದದ್ದು ಎಮ್‌ಎಕ್ಸ್-30 ಎಂಬ ವಿದ್ಯುತ್ ಕಾರಿಗೆ ವಿದ್ಯುತ್ ಒದಗಿಸುವ ಸಣ್ಣ ಎಂಜಿನ್ನಾಗಿ. ಅರ್ಧ ಶತಮಾನದ ಈ ತಪಸ್ಸಿನ ಫಲವೇ ಆ ಹೊಗೆಕೊಳವೆ. ಅದನ್ನು ಗರಗಸದಿಂದ ಕತ್ತರಿಸಿ "ನಾನು ರೋಟರಿಯ ಭಕ್ತ" ಎನ್ನುವುದು, ವಿಗ್ರಹದ ಕೈ ಮುರಿದು ಪೂಜೆಗೆ ಕುಳಿತಂತೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಆ ಎರಡು ವರ್ಷಕ್ಕೊಂದು ಸಲದ ನಾಟಕ. ಅಮೆರಿಕದ ಕಾಯಿದೆ ಮಾಲಿನ್ಯ ತಡೆಯುವ ಸಾಧನಗಳನ್ನು ಕೀಳುವುದನ್ನು ನಿಷೇಧಿಸುತ್ತದೆ. 1990ರ ತಿದ್ದುಪಡಿಯ ನಂತರ ಆ ನಿಷೇಧ ಸಾಮಾನ್ಯ ವ್ಯಕ್ತಿಗೂ ಅನ್ವಯ. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕೂಡ ವಾಹನವನ್ನು ಮನಬಂದಂತೆ ಮಾರ್ಪಡಿಸಕೂಡದು ಎನ್ನುತ್ತದೆ. ಕಾನೂನಿನ ಮಾತು ಹಾಗಿರಲಿ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸಿಕ್ಕಿಬಿದ್ದದ್ದು ನೆನಪಿದೆಯೆ? ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಸ್ವಚ್ಛವಾಗಿ ವರ್ತಿಸುವ ತಂತ್ರಾಂಶವನ್ನು ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿದ್ದರು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ. ಆಗ ಎಲ್ಲರೂ ಛೀ ಥೂ ಎಂದರು. ಪರೀಕ್ಷೆಯ ದಿನ ಕನ್ವರ್ಟರ್ ಜೋಡಿಸಿ ಮರುದಿನ ಬಿಚ್ಚುವ ನನ್ನ ಶಿಷ್ಯ ಮಾಡುತ್ತಿರುವುದೂ ಅದನ್ನೇ. ತಂತ್ರಾಂಶದ ಬದಲು ಸ್ಪ್ಯಾನರ್ ಹಿಡಿದಿದ್ದಾನೆ, ಅಷ್ಟೇ.

ಪರಿವೀಕ್ಷಕರು ಬರುವ ದಿನ ಮಾತ್ರ ಗೋಡೆಗೆ ಸುಣ್ಣ, ಮಕ್ಕಳಿಗೆ ಇಸ್ತ್ರಿ ಮಾಡಿದ ಸಮವಸ್ತ್ರ, ಪ್ರಯೋಗಾಲಯದ ಬೀಗಕ್ಕೆ ಮುಕ್ತಿ. ಇಂತಹ ದಿನಗಳನ್ನು ನನ್ನ ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಅದರಿಂದ ಮೋಸಹೋಗುತ್ತಿದ್ದವರು ಪರಿವೀಕ್ಷಕರಲ್ಲ, ಉಳಿದ ದಿನಗಳ ಮಕ್ಕಳು. ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದವನನ್ನು ನಾನು ಎಬ್ಬಿಸಿ ಹೊರಗೆ ನಿಲ್ಲಿಸಿದ್ದೇನೆ. ಹಾಗೆ ನಿಲ್ಲಿಸಿಕೊಂಡವರಲ್ಲಿ ಈ ಶಿಷ್ಯ ಎಂದೂ ಇರಲಿಲ್ಲ. ಅವನು ಗೊತ್ತಿಲ್ಲದ ಪ್ರಶ್ನೆಯ ಜಾಗವನ್ನು ಖಾಲಿ ಬಿಟ್ಟು ಬರುತ್ತಿದ್ದ ಹುಡುಗ. ನನಗೆ ನೋವಾದದ್ದು ಇಲ್ಲೇ.

ಈಗ ನನ್ನ ಪಾಲಿನ ತಪ್ಪು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕೊಂದನ್ನು ಕೊಂಡಿದ್ದೆ. ಗೆಳೆಯನೊಬ್ಬನ ಮಾತು ಕೇಳಿ ಸೈಲೆನ್ಸರುಗಳ ಒಳಗಿನ ಕೊಳವೆಗಳನ್ನು ತೆಗೆದುಹಾಕಿದೆ. ವೇಗ ಎಷ್ಟು ಹೆಚ್ಚಿತೋ ತಿಳಿಯದು, ಸದ್ದು ಮಾತ್ರ ಮೂರು ಪಟ್ಟಾಯಿತು. ಒಂದು ವಾರ ಕಳೆದ ಮೇಲೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಮೇಷ್ಟ್ರೇ, ಮಕ್ಕಳಿಗೆ ನಿಮ್ಮ ಪಾಠಕ್ಕಿಂತ ನಿಮ್ಮ ಗಾಡಿಯೇ ಚೆನ್ನಾಗಿ ಕೇಳಿಸುತ್ತಿದೆ" ಎಂದಷ್ಟೇ ಹೇಳಿದರು. ಆ ಸಂಜೆಯೇ ಕೊಳವೆಗಳು ಸ್ವಸ್ಥಾನ ಸೇರಿದವು. ಅವರು ದಾಕ್ಷಿಣ್ಯಕ್ಕೆ ಸುಮ್ಮನಿದ್ದಿದ್ದರೆ ನಾನೂ ಬಹುಕಾಲ ಹಾಗೆಯೇ ಮೆರೆಯುತ್ತಿದ್ದೆನೇನೋ. ಕಳೆದ ತಿಂಗಳು ನಾನು ಆ ಹಿರಿಯರಂತೆ ನಡೆದುಕೊಳ್ಳಲಿಲ್ಲ.

ಪಾಠದಲ್ಲಿಯೂ ಲೋಪವಿತ್ತು. ಎಂಜಿನ್ ಉಸಿರಾಡುವ ಯಂತ್ರ ಎಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ನಿಷ್ಕಾಸ ಹಂತಕ್ಕೊಂದು ಬಾಣದ ಗುರುತು ಹಾಕಿ ಕೈಕೊಡವಿಕೊಳ್ಳುತ್ತಿದ್ದೆ. ಆ ಬಾಣ ಎಲ್ಲಿಗೆ ಹೋಗುತ್ತದೆಂದು ನಾನು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರಲ್ಲಿ. ಸೀಸ ಬೆರೆತ ಪೆಟ್ರೋಲು ಕನ್ವರ್ಟರನ್ನು ಕೊಲ್ಲುತ್ತದೆ. ಸೀಸರಹಿತ ಪೆಟ್ರೋಲು ದೇಶದೆಲ್ಲೆಡೆ ಬಂದದ್ದು 2000ದಲ್ಲಿ. ಆಗಲೂ ನಾನು ಹಳೆಯ ಚಿತ್ರವನ್ನೇ ಬಿಡಿಸುತ್ತಿದ್ದೆ. ಈಗ ತಿದ್ದುತ್ತೇನೆ, ಹಳೆಯ ನೋಟ್ಸ್ ಇದ್ದವರು ಬರೆದುಕೊಳ್ಳಿ: ಎಂಜಿನ್ ಬಿಟ್ಟ ಉಸಿರನ್ನು ಇನ್ನೊಬ್ಬರು ಒಳಗೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಹೊಗೆಕೊಳವೆಯ ಕೊನೆಯ ತುದಿಯವರೆಗೂ ಅದು ಎಂಜಿನ್ನೇ.

ಮಗೂ, ಇದನ್ನು ನೀನು ಓದುತ್ತೀಯೆಂದು ಬಲ್ಲೆ. ಕಾರನ್ನು ಮಾರು ಎನ್ನುವುದಿಲ್ಲ. ನಿನ್ನ ರಾಜ್ಯದಲ್ಲಿಯೇ ಕನ್ವರ್ಟರಿನಿಂದ ಹಿಂದಿನ ಸೈಲೆನ್ಸರನ್ನು ಸದ್ದಿನ ಮಿತಿಯೊಳಗೆ ಬದಲಿಸಲು ಅವಕಾಶವಿದೆ. ಆ ಮಿತಿ 95 ಡೆಸಿಬೆಲ್. ಮಂಡಳಿ ಪರೀಕ್ಷಿಸಿ ಅನುಮತಿ ಸಂಖ್ಯೆ ಕೊಟ್ಟ ಭಾಗಗಳೂ ಇವೆ. ಕೈಚಳಕ ತೋರಬೇಕೆಂದರೆ ಅಲ್ಲಿ ತೋರು. ಸ್ವಚ್ಛವಾಗಿ ಉಸಿರು ಬಿಡುವ, ಆದರೂ ಚುರುಕಾಗಿ ಓಡುವ ರೋಟರಿಯನ್ನು ಸಿದ್ಧಪಡಿಸುವುದೇ ನಿಜವಾದ ಎಂಜಿನಿಯರಿಂಗ್. ಅಡ್ಡಿಯಾದದ್ದನ್ನು ಕಿತ್ತೆಸೆಯಲು ಸ್ಪ್ಯಾನರ್ ಇದ್ದರೆ ಸಾಕು, ಓದು ಬೇಕಿಲ್ಲ. ಮೂಲೆಗಿಟ್ಟ ಆ ಎರಡು ಡಬ್ಬಿಗಳ ಧೂಳೊರೆಸಿ ಮತ್ತೆ ಜೋಡಿಸು. ಈ ಸಲ ತಪಾಸಣೆಗಾಗಿ ಅಲ್ಲ, ಉಳಿದ ದಿನಗಳಿಗಾಗಿ.

ಜೋಡಿಸಿದ ದಿನ ಒಂದು ಕರೆ ಮಾಡು. ಈ ಸಲ ದಾಕ್ಷಿಣ್ಯಕ್ಕಲ್ಲ, ಮನಸಾರೆ ಹೇಳುತ್ತೇನೆ, ಒಳ್ಳೆಯದಾಗಲಿ ಎಂದು.